ನೋಡಿ: ಗ್ರಂಥಪಾಲರ ಮನೆ

ಓದಲು ಏನಾದರೂ ಕೊಡಿ ಎಂದು ಬಂದವರ ಕೈಗೆ ಕಟ್ಟಿಗೆ ಕೊಟ್ಟು ಕಳಿಸಿದ ಗ್ರಂಥಪಾಲರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಅವರ ಮನೆಯಲ್ಲಿ ವರ್ಷಗಟ್ಟಲೆ ರೊಟ್ಟಿ ತಿಂದಿದ್ದೇನೆ! ಅವರು ನಮ್ಮ ಕಾಕಾ, ಅಂದರೆ ನನ್ನ ತಂದೆಯ ತಮ್ಮ. ಹಾಗೆಂದು ಅವರಿಗೆ ತಲೆ ಕೆಟ್ಟಿತ್ತೆಂದು ತಿಳಿಯಬೇಡಿ. ಬೈಲಹೊಂಗಲದ ಅರ್ಧ ಊರು ಹಾಗೇ ತಿಳಿದಿತ್ತು, ನಿಜ. ಉಳಿದರ್ಧ ಊರಿಗೆ ಗ್ರಂಥಾಲಯ ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ.

ನಾನು ಮುರಗೋಡದವಳು. ಬೈಲಹೊಂಗಲದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಅದೇ ಕಾಲೇಜಿನ ಗ್ರಂಥಪಾಲರು ಕಾಕಾ. ಅವರಿಗೆ ಮಕ್ಕಳಿರಲಿಲ್ಲವಾದ್ದರಿಂದ ಮನೆಯ ಒಂದು ಕೋಣೆ ನನ್ನದಾಯಿತು. ಕಾಕಾ ಕಡ್ಡಿಯಂತೆ ತೆಳ್ಳಗೆ, ಉದ್ದಕ್ಕೆ ಇದ್ದರು. ನಡೆಯುವಾಗ ಕಾಲು ಈ ಲೋಕದಲ್ಲಿದ್ದರೂ ಕಣ್ಣು ಮಾತ್ರ ಬೇರೆ ಎಲ್ಲೋ. ಸಂಜೆ ಕಾಲೇಜಿನಿಂದ ಹೊರಟವರು ಎಷ್ಟೋ ಸಲ ಸ್ವಂತ ಮನೆಯನ್ನೇ ದಾಟಿ ಮುಂದೆ ಹೋಗಿಬಿಡುತ್ತಿದ್ದರು. ಪೇಟೆಯಾಚೆಯ ಹತ್ತಿ ಗಿರಣಿಯ ಸದ್ದು ಕಿವಿಗೆ ಬಡಿದ ಮೇಲೆ ಎಚ್ಚರವಾಗಿ ತಿರುಗಿ ಬರುತ್ತಿದ್ದರು. ಅವರ ಹೆಂಡತಿ, ನಮ್ಮ ಕಾಕು, ಬಾಗಿಲಲ್ಲೇ ನಿಂತಿರುತ್ತಿದ್ದಳು. “ಬಂದ್ರೇನು? ಇವತ್ತ ಗಿರಣಿಯವರು ಚಾ ಕೊಟ್ಟರೋ ಇಲ್ಲೋ?” ಎಂದು ಒಳಗೆ ಕರೆದುಕೊಳ್ಳುತ್ತಿದ್ದಳು.

ಗ್ರಂಥಾಲಯದಲ್ಲಿ ಆಳೆತ್ತರದ ಒಂದು ಕಪಾಟು. ಅದರ ತುಂಬ ಸಣ್ಣ ಸಣ್ಣ ಡ್ರಾಯರುಗಳು, ಡ್ರಾಯರುಗಳ ತುಂಬ ಕಾರ್ಡುಗಳು. ಯಾವ ಪುಸ್ತಕ, ಯಾರು ಬರೆದದ್ದು, ಯಾವ ರ‍್ಯಾಕಿನಲ್ಲಿದೆ ಎಂದು ಹೇಳುವ ಕಾರ್ಡುಗಳು. ಇದು ಎಲ್ಲ ಗ್ರಂಥಾಲಯಗಳಲ್ಲೂ ಇತ್ತು ಬಿಡಿ. ಆದರೆ ಕಾಕಾ ಅವುಗಳ ನಡುವೆ ತಮ್ಮದೇ ಒಂದು ಜಾತಿಯ ಕಾರ್ಡುಗಳನ್ನು ಬೆಳೆಸಿದ್ದರು. ಅವಕ್ಕೆ ಅವರು ‘ನೋಡಿ ಕಾರ್ಡು’ ಎನ್ನುತ್ತಿದ್ದರು. ಜನ ಸರಿಯಾದ ಹೆಸರು ಹಿಡಿದು ಕೇಳುವುದಿಲ್ಲ, ತಮಗೆ ತೋಚಿದ ಹೆಸರಿನಲ್ಲಿ ಕೇಳುತ್ತಾರೆ. ಅವರು ಯಾವ ಹೆಸರಿನಲ್ಲಿ ಕೇಳಿದರೂ ನಾವು ಸರಿಯಾದ ಜಾಗಕ್ಕೆ ಮುಟ್ಟಿಸಬೇಕು ಎನ್ನುವುದು ಅವರ ಸಿದ್ಧಾಂತ.

ಕಿತ್ತೂರಿನಿಂದ ದಿನಾ ಓಡಾಡುವ ಇತಿಹಾಸದ ಪ್ರಾಧ್ಯಾಪಕರೊಬ್ಬರಿದ್ದರು. ಅವರು ಓದುತ್ತಿದ್ದ ಜರ್ನಲ್ಲಿನ ಇಂಗ್ಲಿಷ್ ಹೆಸರು ಮಾರುದ್ದ ಇತ್ತು. ಅವರು ಅದನ್ನು ಒಮ್ಮೆಯೂ ಹೇಳಿದವರಲ್ಲ. “ಆ ನೀಲಿದು ಬಂತೇನ್ರಿ?” ಅಷ್ಟೇ. ಕಾಕಾ ‘ನ’ ಅಕ್ಷರದ ಡ್ರಾಯರಿನಲ್ಲಿ ಒಂದು ಕಾರ್ಡು ಸೇರಿಸಿದರು: ‘ನೀಲಿದು’ ಎಂದು ಬರೆದು, ಕೆಳಗೆ ‘ನೋಡಿ’ ಎಂದು ಆ ಮಾರುದ್ದದ ಹೆಸರು! ಅಂದಿನಿಂದ ಆ ಪ್ರಾಧ್ಯಾಪಕರಿಗೂ ಕಾಲೇಜಿನಲ್ಲಿ ನೀಲಿ ಸರ್ ಎಂದೇ ಹೆಸರಾಯಿತು.

ಹೆಸರೇ ಗೊತ್ತಿಲ್ಲದೆ ಬಂದವರಿಗೆ ಕಾಕಾ ಮೂರು ಪ್ರಶ್ನೆ ಕೇಳುತ್ತಿದ್ದರು. “ಬಣ್ಣ ಯಾವದ್ರಿ? ದಪ್ಪ ಎಷ್ಟ್ರಿ? ಕಡೀಕ ಯಾವಾಗ ನೋಡಿದ್ರಿ?” ಉತ್ತರ ಕೇಳುತ್ತ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ರ‍್ಯಾಕುಗಳ ನಡುವೆ ನಿದ್ದೆಯಲ್ಲಿ ನಡೆದವರಂತೆ ಹೋಗಿ, ಅಲ್ಲಿಂದ ಒಂದು ಕೂಗು ಹಾಕುತ್ತಿದ್ದರು: “ಐತ್ರಿ! ಇಲ್ಲೇ ಐತಿ!” ಹೆರಿಗೆ ಕೋಣೆಯಿಂದ ಹೊರಬಂದ ಸೂಲಗಿತ್ತಿಯ ದನಿಯಲ್ಲಿ ಅಷ್ಟು ಸಂಭ್ರಮ ಇರುತ್ತದೋ ಇಲ್ಲವೋ. ಕೇಳಿ ಬಂದವರು ಬರಿಗೈಯಲ್ಲಿ ಹೋದರೆ ಅಂದು ರಾತ್ರಿ ಕಾಕಾನಿಗೆ ಊಟ ಸೇರುತ್ತಿರಲಿಲ್ಲ.

ಇಷ್ಟೆಲ್ಲ ತಾಳ್ಮೆಯ ಮನುಷ್ಯ ಮನೆಯಲ್ಲೂ ಹಾಗೇ ಇರಬೇಕಲ್ಲವೇ? ಅಲ್ಲೇ ಇರುವುದು ಮಜಾ!

ಕಾಕು ರಾಮದುರ್ಗದವಳು, ಮಾತಿನ ಮಲ್ಲಿ. ತವರಿನಿಂದ ಬಸ್ಸು ಹತ್ತಿ ಬೈಲಹೊಂಗಲದಲ್ಲಿ ಇಳಿಯುವಷ್ಟರಲ್ಲಿ ಬಸ್ಸಿನಲ್ಲಿದ್ದ ಎಲ್ಲರ ಸೊಸೆಯಂದಿರ ಗುಣ ಅವಳಿಗೆ ತಿಳಿದಿರುತ್ತಿತ್ತು. ಆದರೆ ಕೈಯಲ್ಲಿ ಕೆಲಸವಿದ್ದಾಗ ಅವಳಿಗೆ ವಸ್ತುಗಳ ಹೆಸರು ಬೇಕಾಗುತ್ತಿರಲಿಲ್ಲ. ಎಲ್ಲಕ್ಕೂ ‘ಅದು’.

“ಏನ್ರಿ, ಅದನ್ನ ಇಷ್ಟ ಈ ಕಡೆ ಕೊಡ್ರಿ.”

“ಅದು ಅಂದ್ರ ಯಾವದು? ಹೆಸರ ಹೇಳು.”

“ಅದ್ರಿ, ನಿನ್ನಿ ತಂದದ್ದು.”

“ನಿನ್ನಿ ತಂದದ್ದು ಅನ್ನೂದು ಹೆಸರಲ್ಲ.”

ಅಷ್ಟರಲ್ಲಿ ಒಗ್ಗರಣೆ ಹೊತ್ತಿ ಮನೆಯೆಲ್ಲ ಕೆಮ್ಮು! ಕಾಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ದಿನಕ್ಕೊಮ್ಮೆಯಾದರೂ ಈ ಮಾತು ಹೇಳುತ್ತಿದ್ದಳು: “ಕಾಲೇಜಿನ್ಯಾಗ ಯಾರ ಏನ ಕೇಳಿದ್ರೂ ತಿಳೀತೈತಿ. ಮನ್ಯಾಗ ನಾ ಕೇಳಿದ್ದು ಒಂದರ ತಿಳದೈತೇನ ನಿಮಗ?”

“ಅಲ್ಲಿ ಪಗಾರ ಕೊಡ್ತಾರ.”

“ಇಲ್ಲಿ ನಾ ಊಟಾ ಕೊಡ್ತೇನಿ!”

ಈ ವ್ಯಾಜ್ಯ ಎಂದೂ ತೀರ್ಮಾನವಾಗಲಿಲ್ಲ. ನಗುನಗುತ್ತಲೇ ಹೇಳುತ್ತಿದ್ದರೂ ಕಾಕುವಿನ ದನಿಯ ತಳದಲ್ಲಿ ಎಲ್ಲೋ ಒಂದು ಸಣ್ಣ ನೋವು ಇತ್ತೆಂದೇ ನನಗೆ ಅನಿಸುತ್ತಿತ್ತು. ಊರಿನ ಮಂದಿಯ ಮನಸ್ಸೆಲ್ಲ ಅರಿಯುವ ಮನುಷ್ಯನಿಗೆ ನನ್ನದೊಂದು ಅರ್ಥವಾಗಬಾರದೇ ಎಂದು ಯಾವ ಹೆಂಗಸಿಗೆ ಅನಿಸುವುದಿಲ್ಲ ಹೇಳಿ?

ಹೀಗಿರುವಾಗ ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಕಾಲೇಜಿಗೆ ಇ-ಜರ್ನಲ್ಲುಗಳು ಬಂದವು. ‘ಬಂದವು’ ಎಂದೆನಲ್ಲ, ಅದೇ ಎಡವಟ್ಟು. ಏನೂ ಬರಲಿಲ್ಲ! ಬರುತ್ತಿದ್ದ ಕಾಗದದ ಜರ್ನಲ್ಲುಗಳು ನಿಂತವು, ರ‍್ಯಾಕು ಬರಿದಾಯಿತು, ಮೂಲೆಯಲ್ಲಿ ಒಂದು ಕಂಪ್ಯೂಟರ್ ಕೂತಿತು. ಇನ್ನು ಮೇಲೆ ಎಲ್ಲವೂ ಅದರಲ್ಲೇ ಎಂದರು ಪ್ರಿನ್ಸಿಪಾಲರು. ನಮ್ಮ ಆಡಳಿತ ಮಂಡಳಿಗೆ ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲೂ ಕಾಲೇಜುಗಳಿದ್ದವು. ನಾಲ್ಕಕ್ಕೂ ಸೇರಿ ಇದೊಂದೇ ಚಂದಾ, ಅದೂ ಬೈಲಹೊಂಗಲದ ಕಟ್ಟಡದಲ್ಲಿ ಕೂತರೆ ಮಾತ್ರ ತೆರೆಯುವಂಥದ್ದು.

ಕಾಕಾ ಕಾರ್ಡು ಬರೆಯಲು ಕೂತರು. ಹೆಸರು ಬರೆದರು, ವಿಷಯ ಬರೆದರು. ‘ಸ್ಥಳ’ ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಎಲ್ಲಿದೆ ಇದು? ಚಂದಾ ಮಾಡಿಸಿಕೊಟ್ಟ ಬೆಳಗಾವಿಯ ಏಜೆಂಟನಿಗೆ ಫೋನು ಹಚ್ಚಿದರು.

“ಈ ಜರ್ನಲ್ಲು ಎಲ್ಲೈತ್ರಿ?”

“ಸರ್ವರ್‌ನ್ಯಾಗ ಇರತೈತ್ರಿ ಸರ್.”

“ಸರ್ವರ್ ಎಲ್ಲಿರತೈತಿ?”

“ಹೊರದೇಶದಾಗ್ರಿ.”

“ಯಾವ ಊರು?”

“ಊರ ತಗೊಂಡ ಏನ ಮಾಡ್ತೀರಿ ಸರ್?”

“ಕಾರ್ಡಿನ್ಯಾಗ ಬರೀಬೇಕ್ರಿ!”

ಆ ಭಾನುವಾರ ಕಾಕು ಹಟ ಹಿಡಿದು ನಮ್ಮನ್ನು ಮುನವಳ್ಳಿ ಕಡೆಯ ಡ್ಯಾಮಿಗೆ ಕರೆದೊಯ್ದಳು. ಮನೆಯಲ್ಲಿದ್ದರೆ ಇವರು ಸೂರು ನೋಡುತ್ತ ಕೂರುತ್ತಾರೆ ಎಂಬ ಭಯ ಅವಳಿಗೆ. ಬುತ್ತಿ ಬಿಚ್ಚಿದೆವು. ಕಣ್ಣು ಹಾಯುವಷ್ಟು ದೂರ ಮಲಪ್ರಭೆ ಅಲುಗದೆ ನಿಂತಿದ್ದಳು. ಆಚೆ ದಂಡೆ ಬಿಸಿಲಲ್ಲಿ ಕರಗಿ, ನೀರು ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯುತ್ತಿರಲಿಲ್ಲ. ಬಿಳಿ ಹಕ್ಕಿಗಳು ನೀರಿನ ಮೇಲೆ ಕೂತು ತೂಕಡಿಸುತ್ತಿದ್ದವು. ಗಾಳಿಗೂ ನಿದ್ದೆ ಬಂದಿತ್ತು. ಕಾಕಾ ಕೈಯಲ್ಲಿದ್ದ ರೊಟ್ಟಿ ಮರೆತು ನೀರನ್ನೇ ನೋಡುತ್ತಿದ್ದರು.

“ಎಲ್ಲಾ ಜರ್ನಲ್ಲು ಹಿಂಗ ಎಲ್ಲೋ ತುಂಬಿ ನಿಂತಿರಬೇಕು ನೋಡು,” ಎಂದರು ನನ್ನತ್ತ ತಿರುಗದೆ. “ನೀರ ಐತಿ. ಆದ್ರ ಗೇಟ ತಗದ ಕಾಲುವಿಗೆ ಬಿಟ್ಟರ ಅಷ್ಟ ಹೊಲಕ್ಕ ಮುಟ್ಟತೈತಿ. ನಾ ಬರಿಯೂದು ನೀರಿನ ಊರಲ್ಲ, ಗೇಟಿನ ಊರು.”

“ಗೇಟೂ ಬ್ಯಾಡ, ನೀರೂ ಬ್ಯಾಡ. ಕಾಲ ಜಾರಿ ಬಿದ್ದಗಿದ್ದೀರಿ, ಈ ಕಡೆ ಸರೀರಿ,” ಎಂದು ಕಾಕು ಅವರ ತೋಳು ಹಿಡಿದು ಎಳೆದಳು. ಆಮೇಲೆ ಎಷ್ಟೋ ಹೊತ್ತು ಆ ತೋಳನ್ನು ಬಿಡುವುದನ್ನೇ ಮರೆತಳು. ನಾನು ಹಕ್ಕಿ ಎಣಿಸುವವಳಂತೆ ಬೇರೆ ಕಡೆ ನೋಡುತ್ತ ಕೂತೆ.

ಸೋಮವಾರ ಕಾಕಾ ಎಲ್ಲ ಕಾರ್ಡುಗಳ ಮೇಲೆ ಬರೆದರು: ‘ಸ್ಥಳ: ಕಂಪ್ಯೂಟರಿನ ಆಚೆ.’ ನೀಲಿ ಸರ್ ಬಂದು ಕಾರ್ಡು ಓದಿದರು. ನೇರ ಹೋಗಿ ಕಂಪ್ಯೂಟರಿನ ಹಿಂದೆ ತೂರಿಕೊಂಡರು! ಹೊರಬಂದಾಗ ತಲೆಯ ಮೇಲೆ ಜೇಡರ ಬಲೆ, ಕೈಯಲ್ಲಿ ಒಂದು ಕಸಬರಿಗೆ. “ಇದೊಂದ ಐತ್ರಿ ಅಲ್ಲಿ,” ಎಂದರು ಪಾಪ.

ಅಂದೇ ಕಾಕಾನಿಗೆ ಕಟ್ಟಿಗೆಯ ಯೋಚನೆ ಹೊಳೆದದ್ದು. ಗ್ರಂಥಾಲಯಗಳಲ್ಲಿ ಇದೊಂದು ಹಳೆಯ ಪದ್ಧತಿ. ತೀರ ದೊಡ್ಡ ಪುಸ್ತಕವನ್ನು ಬೇರೆ ಕಡೆ ಇಟ್ಟಾಗ, ಅದು ಇರಬೇಕಾದ ಜಾಗದಲ್ಲಿ ಒಂದು ಕಟ್ಟಿಗೆಯ ತುಂಡು ನಿಲ್ಲಿಸುತ್ತಾರೆ. ‘ನೀವು ಹುಡುಕುವುದು ಇಲ್ಲಿಲ್ಲ, ಅಲ್ಲಿದೆ’ ಎಂದು ಅದರ ಮೇಲೆ ಚೀಟಿ ಅಂಟಿಸುತ್ತಾರೆ. ಕಾಕಾ ಪೇಟೆಯ ಬಡಗಿ ಚಾಚಾನ ಹತ್ತಿರ ಹೋಗಿ ಜರ್ನಲ್ಲಿನ ಅಳತೆಯ ತುಂಡುಗಳನ್ನು ಕೊಯ್ಸಿದರು. ಚಾಚಾ ಗರಗಸ ನಿಲ್ಲಿಸಿ ಕೇಳಿದ, “ಸಾಹೇಬ್ರ, ಇದರ ಮ್ಯಾಲೆ ಕುಂದರೂದೋ, ಒಲಿಗೆ ಹಚ್ಚೂದೋ?”

“ಓದೂದು,” ಎಂದರು ಕಾಕಾ. ಚಾಚಾ ಮತ್ತೆ ಗರಗಸ ಎತ್ತಿಕೊಂಡ. ಕಾಕಾ ಒಂದೊಂದು ತುಂಡಿಗೂ ಹಳೆಯ ಜರ್ನಲ್ಲಿನ ಮುಖಪುಟದ ಬಣ್ಣವನ್ನೇ ಬಳಿದರು. ನನ್ನ ಅರ್ಥಶಾಸ್ತ್ರದ್ದು ಹಳದಿ, ರಾಜ್ಯಶಾಸ್ತ್ರದ್ದು ಕೆಂಪು, ನೀಲಿ ಸರ್ ಅವರದ್ದು ಅಚ್ಚ ನೀಲಿ. ಖಾಲಿ ರ‍್ಯಾಕು ಮತ್ತೆ ತುಂಬಿತು. ದೂರದಿಂದ ನೋಡಿದರೆ ಹಳೆಯ ದಿನಗಳೇ ವಾಪಸು ಬಂದಂತೆ ಕಾಣುತ್ತಿತ್ತು.

ನೀಲಿ ಸರ್ ಅಂದು ಕನ್ನಡಕ ಮರೆತು ಬಂದಿದ್ದರು. ದೂರದಿಂದಲೇ ನೀಲಿ ಕಂಡಿತು. “ಬಂತಲ್ರಿ!” ಎಂದು ಎದೆಗವಚಿಕೊಂಡು, ಚೀಲಕ್ಕೆ ಹಾಕಿಕೊಂಡು, ಕಿತ್ತೂರಿನ ಬಸ್ಸು ಹತ್ತಿಯೇಬಿಟ್ಟರು! ವಾರದ ಮೇಲೆ ತಂದು ಕೊಟ್ಟಾಗ ಒಂದು ಬದಿಯ ಬಣ್ಣವೆಲ್ಲ ಹೋಗಿತ್ತು. ಸಾಬೂನಿನ ವಾಸನೆ ಗಮ್ಮೆನ್ನುತ್ತಿತ್ತು. “ಈ ಸಂಚಿಕಿ ಭಾಳ ಗಟ್ಟಿ ಐತ್ರಿ, ನನಗ ತಗೀಲಿಕ್ಕೇ ಬರಲಿಲ್ಲ,” ಎಂದರು. “ನಮ್ಮ ಮನಿಯವರಿಗೆ ಮಾತ್ರ ಅರಿವಿ ಒಗಿಯಾಕ ಭಾಳ ಉಪಯೋಗ ಆತು.”

ಕಾಕಾ ನಗಲಿಲ್ಲ. ಅವರ ಕೈ ಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿದರು. ಆಗಿನ ಇಂಟರ್ನೆಟ್ಟು ಫೋನಿನ ತಂತಿಯಲ್ಲಿ ಕುಂಟುತ್ತ ಬರುವ ಕಾಲ. ಪುಟ ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಇಳಿಯುತ್ತಿತ್ತು. ಗ್ರಂಥಾಲಯದಲ್ಲಿದ್ದವರೆಲ್ಲ ಉಸಿರು ಬಿಗಿ ಹಿಡಿದು ನಿಂತೆವು. ಏಳು ಸಮುದ್ರದಾಚೆಯಿಂದ ಯಾರೋ ಒಂದು ಸೀರೆಯನ್ನು ಮೆಲ್ಲಗೆ ಬಿಡಿಸುತ್ತಿದ್ದಾರೆ, ಅದರ ಅಂಚು ಈಗಷ್ಟೇ ಬೈಲಹೊಂಗಲಕ್ಕೆ ಮುಟ್ಟಿದೆ ಎನ್ನುವಂತಿತ್ತು. ಲೇಖನ ಪೂರ್ತಿ ಇಳಿಯಿತು. ನೀಲಿ ಸರ್ ಬಹಳ ಹೊತ್ತು ನೋಡಿ ಸಣ್ಣ ದನಿಯಲ್ಲಿ ಹೇಳಿದರು, “ಎಲ್ಲಾ ಐತ್ರಿ. ಆದ್ರ ನೀಲಿ ಇಲ್ಲ.”

ಕಾಕಾ ನೀಲಿ ತುಂಡನ್ನು ತಂದು ಅವರ ಎಡಗೈಯ ಕೆಳಗೆ ಇಟ್ಟರು. ಅಂದಿನಿಂದ ನೀಲಿ ಸರ್ ಒಂದು ಕೈ ಕಟ್ಟಿಗೆಯ ಮೇಲಿಟ್ಟುಕೊಂಡೇ ಓದತೊಡಗಿದರು. ನೋಡಿ ನಕ್ಕವರೆಲ್ಲ ಕೆಲವೇ ದಿನಗಳಲ್ಲಿ ತಮ್ಮ ತಮ್ಮ ಬಣ್ಣದ ತುಂಡು ಹಿಡಿದು ಸರದಿಗೆ ನಿಲ್ಲುತ್ತಿದ್ದರು. ನಾನೂ ನಿಂತಿದ್ದೇನೆ, ಹಳದಿ ಹಿಡಿದುಕೊಂಡು!

ಹಾಗೆಂದು ಓದುವುದು ಸುಲಭವಾಗಿತ್ತು ಎಂದುಕೊಂಡಿರಾ? ತಂತಿ ಒಂದೇ. ಅತ್ತ ಪ್ರಿನ್ಸಿಪಾಲರು ಫೋನು ಎತ್ತಿದರೆ ಇತ್ತ ಜರ್ನಲ್ಲು ಅರ್ಧಕ್ಕೇ ಮಾಯ. ಅವರ ಮಗಳಿಗೆ ವರ ನೋಡುತ್ತಿದ್ದ ದಿನಗಳವು. ಎಷ್ಟು ಗಂಡುಗಳ ಜಾತಕ ಮಾತಾಡಿದರೋ, ಅಷ್ಟು ಲೇಖನಗಳು ನಡುವೆ ಕಡಿದುಹೋದವು. ಮದುವೆ ನಿಶ್ಚಯವಾದ ಸುದ್ದಿ ಕೇಳಿ ಅವರ ಮನೆಯವರಿಗಿಂತ ಹೆಚ್ಚು ಖುಷಿಪಟ್ಟವರು ನಾವು.

ಇನ್ನು ಕರೆಂಟು. ರಾಮದುರ್ಗದ ಕಾಲೇಜಿನ ಒಬ್ಬ ಮೇಷ್ಟ್ರು ಬೆಳಗಿನ ಬಸ್ಸು ಹಿಡಿದು, ಸವದತ್ತಿಯಲ್ಲಿ ಬಸ್ಸು ಬದಲಿಸಿ, ಬೈಲಹೊಂಗಲ ಮುಟ್ಟಿದ ಗಳಿಗೆಗೇ ಸರಿಯಾಗಿ ಕರೆಂಟು ಹೋಯಿತು. ಜರ್ನಲ್ಲು ಹೊರದೇಶದಿಂದ ಇಲ್ಲಿಗೆ ಕುಂಟುತ್ತ ಬಂದರೂ ಗಳಿಗೆಯೊಳಗೆ ಬರುತ್ತದೆ. ಇಲ್ಲಿಂದ ರಾಮದುರ್ಗದವರಿಗೆ ಸಿಗಬೇಕಾದರೆ ಅರ್ಧ ದಿನ! ಅವರು ಬರಿಗೈಯಲ್ಲಿ ತಿರುಗಿ ಹೋಗುವುದನ್ನು ಕಾಕಾ ಹೇಗೆ ಸಹಿಸಿಯಾರು? ಎಲ್ಲ ಕಾರ್ಡುಗಳ ಕೊನೆಗೆ ಒಂದು ಸಾಲು ಸೇರಿಸಿದರು: ‘ವಿದ್ಯುತ್ ಇಲ್ಲದಿದ್ದಲ್ಲಿ, ನೋಡಿ: ಗ್ರಂಥಪಾಲರ ಮನೆ.’

ಅಂದು ಮಧ್ಯಾಹ್ನ ಆ ಮೇಷ್ಟ್ರು ಕಾರ್ಡು ಕೈಯಲ್ಲಿ ಹಿಡಿದೇ ನಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಕಾಕು ಕಾರ್ಡು ತೆಗೆದುಕೊಂಡು ಓದಿದಳು. ಅವರನ್ನು ಕೂರಿಸಿ ರೊಟ್ಟಿ, ಮುಳಗಾಯಿ ಪಲ್ಯ ಬಡಿಸಿದಳು. ಉಣ್ಣುವಷ್ಟರಲ್ಲಿ ಅವರ ಅಜ್ಜಿಯ ತವರು ತನ್ನ ತವರಿನ ಹಿಂದಿನ ಓಣಿಯೇ ಎಂದೂ ಕಂಡುಹಿಡಿದಳು. ಕರೆಂಟು ಬಂದರೂ ಮೇಷ್ಟ್ರು ಏಳಲಿಲ್ಲ. ಸಂಜೆ ಕಾಕಾ ಬಂದಾಗ ಕಾಕು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು, “ಅಲ್ರಿ, ನನಗೂ ಒಂದ ನಂಬರ ಹಚ್ಚಿ ರ‍್ಯಾಕಿನ್ಯಾಗ ಇಟ್ಟೀರೇನು?”

ಆದರೂ ಅಂದಿನಿಂದ ಅವಳು ದಿನವೂ ಒಂದಿಷ್ಟು ಹೆಚ್ಚು ಹಿಟ್ಟು ನಾದುತ್ತಿದ್ದಳು. ಜರ್ನಲ್ಲು ಓದಲು ಬಂದವರಿಗಿಂತ ಕರೆಂಟು ಹೋಗಲಿ ಎಂದು ಕಾಯುತ್ತ ಕೂತವರೇ ಹೆಚ್ಚಾದರು ಎಂದು ಪ್ರಿನ್ಸಿಪಾಲರೇ ಒಮ್ಮೆ ಗೊಣಗಿದ್ದುಂಟು.

ಮುಂದೆ ಕಾಲೇಜು ನೋಡಲು ಹೊರಗಿನಿಂದ ಒಂದು ಸಮಿತಿ ಬಂತು. ಸಮಿತಿಯ ಅಧ್ಯಕ್ಷರು ಕೆಂಪು ತುಂಡನ್ನು ಎತ್ತಿ, ಹಿಂದೆ ಮುಂದೆ ತಿರುವಿ, ಎಲ್ಲಿ ತೆರೆಯುತ್ತದೆ ಎಂದು ಹುಡುಕಿದರು. “ಏನಿದು?” “ಇ-ಜರ್ನಲ್ಲು ಸರ್,” ಎಂದರು ಕಾಕಾ. ಪ್ರಿನ್ಸಿಪಾಲರು ಕಣ್ಣು ಮುಚ್ಚಿಕೊಂಡರು. ಅಧ್ಯಕ್ಷರು ಸಾವರಿಸಿಕೊಂಡು, ಯಾವುದನ್ನು ಹೆಚ್ಚು ಓದುತ್ತಾರೆ, ಅದಕ್ಕೆ ಪುರಾವೆ ಏನು ಎಂದು ಕೇಳಿದರು.

“ಮುಟ್ಟಿ ನೋಡ್ರಿ ಸರ್. ಯಾವದರ ಬಣ್ಣ ಹೆಚ್ಚು ಸವದೈತಿ, ಅದನ್ನ ಹೆಚ್ಚು ಓದ್ಯಾರ.”

ಸಮಿತಿಯವರು ಒಂದೊಂದನ್ನೇ ಸವರಿ ನೋಡಿದರು. ಎಲ್ಲಕ್ಕಿಂತ ಹೆಚ್ಚು ಸವೆದದ್ದು ನೀಲಿ. ಬೈಲಹೊಂಗಲದಲ್ಲಿ ಇತಿಹಾಸದ ಸಂಶೋಧನೆ ಬಹಳ ಮುಂದುವರಿದಿದೆ ಎಂದು ಮೆಚ್ಚಿ ಬರೆದು ಹೋದರು. ಕಿತ್ತೂರಿನಲ್ಲಿ ನೀಲಿ ಸರ್ ಹೆಂಡತಿ ಒಗೆದ ಬಟ್ಟೆಗಳ ಪುಣ್ಯ!

ಇಷ್ಟಾದರೂ ಒಂದು ಹೊಸ ವರ್ಷದ ಬೆಳಿಗ್ಗೆ ಕಂಪ್ಯೂಟರು ಬಾಗಿಲು ತೆರೆಯಲಿಲ್ಲ. ಮಂಡಳಿಯವರು ಆ ವರ್ಷ ಕಾಲೇಜಿಗೆ ಹೊಸ ಕಮಾನು ಕಟ್ಟಿಸುವುದಿತ್ತು, ಚಂದಾ ನಿಲ್ಲಿಸಿದ್ದರು. ಹೊಸ ಸಂಚಿಕೆಗಳಷ್ಟೇ ಹೋಗಿದ್ದರೆ ಕಾಕಾ ತಡೆದುಕೊಳ್ಳುತ್ತಿದ್ದರೇನೋ. ಹಿಂದಿನ ವರ್ಷಗಳ, ನಾವು ಓದಿ ಮುಗಿಸಿದ್ದ ಸಂಚಿಕೆಗಳೂ ಇಲ್ಲ! ಕಾಗದದ್ದಾದರೆ ಚಂದಾ ನಿಂತರೂ ಹಳೆಯದು ಕಪಾಟಿನಲ್ಲಿ ಇರುತ್ತಿತ್ತು. “ಉಂಡ ಊಟಾನೂ ಕಸಗೊಂಡ್ರಲ್ಲ,” ಎಂದು ಕಾಕಾ ಪರದೆಯ ಮುಂದೆ ಕೂತೇ ಇದ್ದರು.

ಪ್ರಿನ್ಸಿಪಾಲರು ಆ ಕಾರ್ಡುಗಳನ್ನು ತೆಗೆದುಹಾಕಿ ಎಂದರು. ಕಾಕಾ ಒಪ್ಪಲಿಲ್ಲ. “ಇಲ್ಲ ಅಂತ ಹೆಂಗ ಹೇಳಲ್ರಿ? ಅದು ಐತಿ. ಎಲ್ಲೂ ಹೋಗಿಲ್ಲ. ನಮಗ ದಾರಿ ಬಂದ್ ಆಗೇತಿ ಅಷ್ಟ.” ಎಲ್ಲ ಕಾರ್ಡುಗಳ ಮೇಲೂ ಪೆನ್ಸಿಲ್ಲಿನಿಂದ ಬರೆದರು: ‘ಇದೆ. ಸದ್ಯಕ್ಕೆ ದಾರಿ ಇಲ್ಲ.’ ಸ್ಟಾಫ್ ರೂಮಿನಲ್ಲಿ ಇದು ಬಹಳ ದಿನ ನಗೆಯ ವಸ್ತುವಾಯಿತು. ಸಂಬಳ ತಡವಾದಾಗ, ಚಹಾ ತೀರಿದಾಗ, ಎಲ್ಲರ ಬಾಯಲ್ಲೂ ಅದೇ: ‘ಇದೆ. ಸದ್ಯಕ್ಕೆ ದಾರಿ ಇಲ್ಲ!’

ಆ ನಗೆ ನಿಂತದ್ದು ಕಾಕು ಬಿದ್ದ ದಿನ.

ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕೂತಲ್ಲೇ ವಾಲಿದಳು. ಬೆಳಗಾವಿಗೆ ಒಯ್ದೆವು. ಜೀವಕ್ಕೆ ಅಪಾಯವಿಲ್ಲ ಎಂದರು, ಬಲಗೈ ಸ್ವಲ್ಪ ಸೋತಿದೆ ಎಂದರು. ಆದರೆ ಮಾತು! ಬಸ್ಸಿನ ಮಂದಿಯನ್ನೆಲ್ಲ ಮಾತಾಡಿಸುತ್ತಿದ್ದ ಕಾಕುವಿನ ಬಾಯಲ್ಲಿ ಒಂದು ಹೇಳಹೋದರೆ ಇನ್ನೊಂದು ಬರುತ್ತಿತ್ತು. ನೀರು ಬೇಕಾದರೆ “ಗಡಿಯಾರ” ಎನ್ನುತ್ತಿದ್ದಳು. ಡಾಕ್ಟರು ಕಾಕಾನನ್ನು ಕೂರಿಸಿ ವಿವರಿಸಿದರು: ಮಾತುಗಳೆಲ್ಲ ಒಳಗೇ ಇವೆ, ಹೊರಗೆ ಬರುವ ದಾರಿಗೆ ಪೆಟ್ಟಾಗಿದೆ.

“ಅಂದ್ರ ಒಳಗ ಎಲ್ಲಾ ಐತಲ್ರಿ?” ಎಂದರು ಕಾಕಾ.

“ಐತ್ರಿ.”

“ಸಾಕು,” ಎಂದರು.

ಮನೆಗೆ ಬಂದ ಮೇಲೆ ನಾವೆಲ್ಲ ಅವಳನ್ನು ತಿದ್ದಲು ನಿಂತೆವು. “ಗಡಿಯಾರ ಅಲ್ಲ ಕಾಕು, ನೀರು ಅನ್ನು.” ಅವಳು ಪ್ರಯತ್ನಿಸುವಳು, ಮತ್ತೆ ಗಡಿಯಾರವೇ ಬರುವುದು. ನೋಡಲು ಬಂದವರ ಮುಂದೆ ನಾಚಿಕೆಯಿಂದ ಕಣ್ಣು ತುಂಬಿಕೊಳ್ಳುವಳು. ಕ್ರಮೇಣ ಬಾಯಿ ತೆರೆಯುವುದನ್ನೇ ಬಿಟ್ಟಳು. ಆ ಮನೆಯಲ್ಲಿ ಅಷ್ಟು ಮೌನ ನಾನು ಕೇಳಿದ್ದಿಲ್ಲ.

ಕಾಕಾ ಮಾತ್ರ ತಿದ್ದಲಿಲ್ಲ. ಅವಳ ಎದುರು ಸ್ಟೂಲು ಹಾಕಿಕೊಂಡು ಕೂತು, ಕಣ್ಣು ಮುಚ್ಚಿ, ಓದಲು ಬಂದವರನ್ನು ಕೇಳುತ್ತಿದ್ದ ದನಿಯಲ್ಲೇ ಕೇಳುತ್ತಿದ್ದರು: “ಬಣ್ಣ ಯಾವದು? ದಪ್ಪ ಎಷ್ಟು? ಕಡೀಕ ಯಾವಾಗ ನೋಡಿದ್ದಿ?” ಅವಳು ಎಡಗೈಯಲ್ಲಿ ತೋರಿಸುವಳು. ಇವರು ಕಣ್ಣು ತೆರೆದು ಅದನ್ನು ನೋಡಿ, ಒಳಗೆ ಹೋಗಿ ಒಂದೊಂದೇ ತಂದು ಮುಂದೆ ಹಿಡಿಯುವರು. “ಬಸ್ಸು” ಎಂದರೆ ಕೌದಿ. “ಸಂಕ್ರಾಂತಿ” ಎಂದರೆ ತಲೆ ಬಾಚುವ ಹಣಿಗೆ. ಒಮ್ಮೆ ತಿಳಿದದ್ದನ್ನು ಮತ್ತೆ ಕೇಳಬೇಕಾಗಿರಲಿಲ್ಲ. “ಆಕಿ ತಪ್ಪ ಹೇಳಾಕತ್ತಿಲ್ಲ,” ಎಂದರು ನನಗೆ. “ಬ್ಯಾರೆ ಹೆಸರಿನ್ಯಾಗ ಕೇಳಾಕತ್ತಾಳ. ನಾವು ಒಂದ ನೋಡಿ ಕಾರ್ಡ ಹಾಕಿಕೊಂಡರ ಆತು.” ಕಾಕು ಮತ್ತೆ ಬಾಯಿ ತೆರೆದಳು. ಒಂದು ಸಂಜೆ “ಗಡಿಯಾರ” ಎಂದು ಕೂಗಿ ನೀರು ತರಿಸಿಕೊಂಡು ಕುಡಿದು, ಕಾಕಾನ ಮುಖ ನೋಡಿ ನಕ್ಕಳು.

ಒಂದೇ ಒಂದು ಮಾತಿನ ಕಾರ್ಡು ಮಾತ್ರ ಸಿಗಲಿಲ್ಲ. “ಮನಿ.”

ಆಸ್ಪತ್ರೆಯಲ್ಲೇ ಶುರುವಾಗಿತ್ತು ಅದು. “ಮನಿ... ಮನಿ...” ಎಂದು ಬಾಗಿಲು ನೋಡುವಳು. ಮನೆಗೆ ಹೋಗಬೇಕು ಎನ್ನುತ್ತಿದ್ದಾಳೆಂದು ಡಾಕ್ಟರನ್ನು ಕಾಡಿ ಬೇಗ ಬಿಡಿಸಿಕೊಂಡು ಬಂದಿದ್ದೆವು. ಮನೆಗೆ ಬಂದ ಮೇಲೂ ಹಗಲು ಹೊತ್ತಿನಲ್ಲಿ ಅದೇ. “ಮನ್ಯಾಗ ಅದೀಯಲ್ಲ ಕಾಕು,” ಎಂದರೆ ತಲೆ ಅಲ್ಲಾಡಿಸಿ ಅಳುವಳು. ಕಾಕಾ ಕಾಲೇಜಿನಿಂದ ಬರುವ ಹೊತ್ತಿಗೆ ಸುಮ್ಮನಾಗಿರುತ್ತಿದ್ದಳಾದ್ದರಿಂದ ಅವರ ಕಿವಿಗೆ ಅದು ಬಿದ್ದದ್ದೇ ಕಡಿಮೆ. ಅವಳ ಅಕ್ಕ ರಾಮದುರ್ಗದಿಂದ ಬಂದು ನೋಡಿ, “ಆಕಿಗೆ ತವರಮನಿ ನೆನಪಾಗೇತಿ,” ಎಂದು ಕರೆದುಕೊಂಡು ಹೋದಳು. ಕಾಕಾನಿಗೆ ರಜೆ ಉಳಿದಿರಲಿಲ್ಲ, ನಾನು ಜೊತೆಗೆ ಹೋದೆ. ಹುಟ್ಟಿದ ಮನೆ, ಆಡಿದ ಅಂಗಳ, ಎಲ್ಲ ತೋರಿಸಿದೆವು. ಕಾಕು ಎಲ್ಲವನ್ನೂ ನೋಡಿದಳು. ಮತ್ತೆ ಬಾಗಿಲ ಕಡೆ ತಿರುಗಿ, “ಮನಿ... ಮನಿ...”

ಭಾನುವಾರ ಮಧ್ಯಾಹ್ನದ ಬಸ್ಸಿಗೆ ಕಾಕಾ ಬಂದರು. ಕಾಲು ತೊಳೆದುಕೊಳ್ಳಲು ಹಿತ್ತಲಿಗೆ ಹೋದರು. ಅವರು ಮರೆಯಾದದ್ದೇ ತಡ, ಕಾಕು ಶುರು ಮಾಡಿದಳು. ಅವಳ ಅಕ್ಕನ ತಾಳ್ಮೆ ಮುಗಿದಿತ್ತು. “ಕೇಳ್ರಿ ಇಲ್ಲಿ, ದಿನಾ ಇದ! ಮನಿ ಮನಿ ಅಂತ ಬಡಕೊಳ್ಳಾಕತ್ತಾಳ. ಇನ್ನ ಯಾವ ಮನಿಗೆ ಒಯ್ಯೂಣು ಇಕಿನ್ನ?”

ಕಾಕಾ ಒದ್ದೆ ಕಾಲಿನಲ್ಲೇ ಒಳಗೆ ಬಂದು ಕಾಕುವಿನ ಎದುರು ನೆಲದ ಮೇಲೆ ಕೂತರು. ಕಣ್ಣು ಮುಚ್ಚಿದರು.

“ಬಣ್ಣ ಯಾವದು?”

ಕಾಕು ಎಡಗೈ ಎತ್ತಿ ಅವರ ಅಂಗಿಯ ಬಿಳುಪನ್ನು ಮುಟ್ಟಿದಳು. ಸುಣ್ಣದ ಗೋಡೆಯೇ ಇರಬೇಕೆಂದು ಅವಳ ಅಕ್ಕ ಅಂದಳು. ಕಾಕಾ ಕಣ್ಣು ತೆರೆಯಲಿಲ್ಲ.

“ದಪ್ಪ ಎಷ್ಟು?”

ಕಾಕು ಕಿರುಬೆರಳು ತೋರಿಸಿದಳು. ಕಡ್ಡಿಯಂತೆ. ನನಗೆ ಒಮ್ಮೆಲೇ ತಿಳಿಯಿತು. ಕಾಕಾ ಮುಚ್ಚಿದ ಕಣ್ಣಿನಲ್ಲಿ ಅದನ್ನು ನೋಡಲಿಲ್ಲವಲ್ಲ, ಅವರಿಗೆ ಇನ್ನೂ ತಿಳಿದಿರಲಿಲ್ಲ. ಅವರು ಮೂರನೆಯದನ್ನು ಕೇಳಿದರು.

“ಕಡೀಕ ಯಾವಾಗ ನೋಡಿದ್ದಿ?”

ಕಾಕಾ ಕಣ್ಣು ತೆರೆದರು. ಕಾಕು ಅವರನ್ನೇ ನೋಡುತ್ತಿದ್ದಳು. ಅಂದು ಡ್ಯಾಮಿನ ದಂಡೆಯಲ್ಲಿ ಹಿಡಿದಂತೆಯೇ ಅವರ ತೋಳು ಹಿಡಿದಳು.

“ಮನಿ,” ಎಂದಳು.

ಸಾವಿರ ಮಂದಿಗೆ ಸಾವಿರ ಸಲ ಕೂಗಿ ಹೇಳಿದ ಮಾತು ಅಂದು ಕೂಗಾಗಿ ಬರಲಿಲ್ಲ, ಪಕ್ಕದಲ್ಲಿದ್ದ ನನಗೂ ಕಷ್ಟಪಟ್ಟೇ ಕೇಳಿಸಿತು. ತೋಳಿನ ಮೇಲಿದ್ದ ಅವಳ ಕೈಯ ಮೇಲೆ ತಮ್ಮ ಕೈಯಿಟ್ಟು ಅವರು ಹೇಳಿದರು:

“ಐತಿ. ಇಲ್ಲೇ ಐತಿ.”